ಎಲೆ ಅಚ್ಚಿಗೆ ಕಾಗದ: ಪಟಿಕವೋ, ಅನ್ನಭೇದಿಯೋ?

ಎಲೆ, ಹೂವನ್ನು ಕಾಗದಕ್ಕೆ ಒತ್ತಿಟ್ಟು ಹಬೆಯಲ್ಲಿ ಬೇಯಿಸಿ ತೆಗೆಯುವ ಅಚ್ಚು ಚೆನ್ನಾಗಿ ಕೂರಬೇಕು ಅಂದರೆ ಮೊದಲು ಕಾಗದಕ್ಕೆ ಮಾರ್ಡೆಂಟ್, ಅಂದರೆ ಬಣ್ಣ ಹಿಡಿದಿಡುವ ಲವಣ, ಕುಡಿಸಬೇಕು. ನಿಮ್ಮ ಕೈಯಲ್ಲಿ ಚೆಂಡುಹೂ ಇದ್ದರೆ ಯೋಚನೆಯೇ ಬೇಡ, ಪಟಿಕ ತಗೊಳ್ಳಿ. ಲೀಟರ್ ಬಿಸಿನೀರಿಗೆ 10–15 ಗ್ರಾಂ ಕರಗಿಸಿ ಕಾಗದವನ್ನು ಅರ್ಧ ಗಂಟೆ ನೆನೆಸಿದರೆ ಸಾಕು, ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಬೇರೆಯೇ ಸ್ವಭಾವದ್ದು. ನೀಲಗಿರಿ, ಗುಲಾಬಿ ಥರ ಒಗರು ಜಾಸ್ತಿ ಇರುವ ಎಲೆಗಳ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಬೂದು, ಕಪ್ಪು ಬಣ್ಣ ಕೊಡುತ್ತದೆ, ಎಲೆಯ ಅಂಚು, ನರ ಎಲ್ಲ ಗೆರೆ ಎಳೆದ ಹಾಗೆ ಮೂಡುತ್ತವೆ, ಅದನ್ನು ನೋಡುವುದೇ ಒಂದು ಖುಷಿ. ಆದರೆ ಹೂವಿನ ಹಳದಿ ಮಂಕಾಗಿ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಲೀಟರಿಗೆ 1–2 ಗ್ರಾಂ ಮೀರಬೇಡಿ. ಕಬ್ಬಿಣ ಜಾಸ್ತಿಯಾದರೆ ವರ್ಷ ಕಳೆದಂತೆ ಕಾಗದ ಪುಡಿಪುಡಿಯಾಗುತ್ತದೆ. ಕಬ್ಬಿಣದ ಶಾಯಿಯಲ್ಲಿ ಬರೆದ ಎಷ್ಟೋ ಹಳೇ ಪತ್ರಗಳಿಗೆ ಆಗಿರುವುದೂ ಇದೇ. ಅನ್ನಭೇದಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಅಡುಗೆ ಪಾತ್ರೆಯಂತೂ ಬೇಡವೇ ಬೇಡ.

ನಾನು ಎರಡನ್ನೂ ಬಳಸುತ್ತೇನೆ: ಕಾಗದಕ್ಕೆ ಪಟಿಕ, ಎಲೆಯನ್ನು ಮಾತ್ರ ತೆಳು ಅನ್ನಭೇದಿ ನೀರಿನಲ್ಲಿ ಅದ್ದಿ ಇಡುವುದು. ಕಾಗದ 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಮೇಲಿನ ಹತ್ತಿಯದ್ದೇ ಇರಲಿ, ತೆಳುವಾದದ್ದು ಹಬೆಯಲ್ಲಿ ಬೇಗ ಹರಿಯುತ್ತದೆ.