ಹಳೇ ಎಂಜಿಬಿಗೆ ಸರ್ವೋ ಹಾಕುವ ಮುಂಚೆ ನಟ್ಟಿನ ಥ್ರೆಡ್ ನೋಡಿ

ನನ್ನದು 1965ರ ಎಂಜಿಬಿ ರೋಡ್‌ಸ್ಟರ್. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಈಗ ಡರ್ಬಿಯಲ್ಲಿ ನನ್ನ ಶೆಡ್ಡಿನಲ್ಲಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಚೆನ್ನಾಗೇ ಹಿಡಿಯುತ್ತಿತ್ತು, ಆದರೆ ಪೆಡಲ್ ಬಲವಾಗಿ ತುಳಿಯಬೇಕು. ನನಗೋ ಮಂಡಿ ನೋವು. ಅದಕ್ಕೆ ಆನ್‌ಲೈನಲ್ಲಿ ಒಂದು ಸರ್ವೋ, ಅಂದರೆ ಇಂಜಿನ್ ಓಡುವಾಗ ಬ್ರೇಕ್ ಆಯಿಲಿನ ಒತ್ತಡ ಹೆಚ್ಚಿಸಿ ಪೆಡಲ್ ಹಗುರ ಮಾಡುವ ಸಾಧನದ ಕಿಟ್ ತರಿಸಿದೆ. ಹಳೇ ಬ್ರಿಟಿಷ್ ಕಾರು ಯಾವುದಿದ್ದರೂ ಆಗುತ್ತದೆ ಅಂತ ಬರೆದಿತ್ತು. ಅಲ್ಲೇ ಅನುಮಾನ ಬರಬೇಕಿತ್ತು.

ನನ್ನ ಗಾಡಿಯ ಬ್ರೇಕ್ ಪೈಪಿನ ನಟ್ಟು ಇಂಚಿನ ಲೆಕ್ಕದ್ದು: 3/8 ಯುಎನ್‌ಎಫ್ (ಇಂಚಿನ ಸಣ್ಣ ಥ್ರೆಡ್ಡಿನ ಅಳತೆ), ಅಂದರೆ ಸುಮಾರು 9.5 ಮಿ.ಮೀ. ದಪ್ಪ. ಸರ್ವೋದ ತೂತು 10 ಮಿ.ಮೀ. ಮೆಟ್ರಿಕ್. ಎರಡರ ಥ್ರೆಡ್ ಅಂತರವೂ ಹೆಚ್ಚುಕಡಿಮೆ 1 ಮಿ.ಮೀ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಟ್ಟು ಬೆರಳಲ್ಲೇ ಸಲೀಸಾಗಿ ಒಳಗೆ ಹೋಯಿತು. ಸ್ಪ್ಯಾನರ್ ಹಾಕಿದೆ, ಬಿಗಿಯಾಯಿತು. ಪೈಪಿನೊಳಗಿನ ಏರ್ ತೆಗೆದೆ. ಒಂದು ಹನಿ ಸೋರಲಿಲ್ಲ. ಆದರೆ ನಟ್ಟು ಹಿಡಿದುಕೊಂಡಿದ್ದು ಥ್ರೆಡ್ಡಿನ ತುದಿಯನ್ನಷ್ಟೇ.

ಮೂರು ದಿನ ಊರೊಳಗೇ ಓಡಿಸಿದೆ. ಪೆಡಲ್ ಎಷ್ಟು ಹಗುರ ಅಂತ ಹೆಂಡತಿ ಹತ್ತಿರ ಜಂಬ ಕೊಚ್ಚಿಕೊಂಡಿದ್ದೂ ಆಯಿತು.

ನಾಲ್ಕನೇ ದಿನ ಬಕ್ಸ್‌ಟನ್ ಕಡೆಯ ಇಳಿಜಾರಿನಲ್ಲಿ ಕುರಿಯೊಂದು ಅಡ್ಡ ಬಂತು. ಜೋರಾಗಿ ತುಳಿದೆ. ಟಪ್ ಅಂತ ಸದ್ದು, ಪೆಡಲ್ ನೆಲಕ್ಕೆ. ನನ್ನ ಗಾಡಿಯ ಬ್ರೇಕ್ ಆಯಿಲಿನದು ಒಂದೇ ಸರ್ಕ್ಯೂಟ್. ಒಂದು ಜಾಗದಲ್ಲಿ ಬಿಟ್ಟರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಫಸ್ಟ್ ಗೇರಿಗೆ ಸಿಂಕ್ರೋಮೆಶ್ (ಗೇರ್ ಸಲೀಸಾಗಿ ಕೂರಿಸುವ ಭಾಗ) ಕೂಡ ಇಲ್ಲ, ಓಡುವಾಗ ಅವಸರದಲ್ಲಿ ಆ ಗೇರ್ ಬೀಳುವುದಿಲ್ಲ. ಸೆಕೆಂಡಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದೆ. ಅದು ಕೇಬಲ್ಲಿನದಾದ್ದರಿಂದ ಬಚಾವಾದೆ. ಗಾಡಿ ಕಲ್ಲಿನ ಗೋಡೆ ಸವರಿಕೊಂಡು ನಿಂತಿತು. ಕುರಿ ತಿರುಗಿಯೂ ನೋಡಲಿಲ್ಲ.

ಬಾನೆಟ್ ಎತ್ತಿದರೆ ಸರ್ವೋದಿಂದ ಚಕ್ರಗಳ ಕಡೆ ಹೋಗುವ ಪೈಪು ಕಿತ್ತು ನೇತಾಡುತ್ತಿದೆ. ನಟ್ಟಿಗೆ ಅಲ್ಯೂಮಿನಿಯಂ ಥ್ರೆಡ್ ಸುರುಳಿ ಸುತ್ತಿಕೊಂಡಿತ್ತು. ಕೀಳಬೇಕಾದದ್ದೂ ಆ ಜಾಯಿಂಟೇ. ಸರ್ವೋ ಒತ್ತಡ ಜಾಸ್ತಿ ಮಾಡಿ ಕಳಿಸುವುದು ಆ ಕಡೆಗೇ ಅಲ್ವಾ? ಮನೆಗೆ ತರುವಷ್ಟರಲ್ಲಿ ಡಾಟ್ 4 ಬ್ರೇಕ್ ಆಯಿಲ್ ಬಿದ್ದ ಕಡೆಯೆಲ್ಲ ಪೇಂಟು ಬೆಂದ ಆಲೂಗಡ್ಡೆ ಸಿಪ್ಪೆ ಹಾಗೆ ಏಳುತ್ತಿತ್ತು.

ಮಾರಿದವನನ್ನು ಕೇಳಿದರೆ, ಫಿಟ್ ಮಾಡಿದ್ದು ನೀವು ತಾನೇ ಅಂದ. ಕೋಪ ಬಂತು, ಆದರೆ ಅರ್ಧ ನಿಜ.

ಇಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡಿಸದ ಕಾರಿಗೆ 2018ರಿಂದ ವರ್ಷಕ್ಕೊಮ್ಮೆ ಗಾಡಿಯ ಸುರಕ್ಷತೆ ನೋಡುವ ಎಂಒಟಿ ಪರೀಕ್ಷೆ ಕಡ್ಡಾಯವಿಲ್ಲ. ಅಂದರೆ ನಮ್ಮ ಕೆಲಸವನ್ನು ಇನ್ನೊಬ್ಬರು ನೋಡುವುದೇ ಇಲ್ಲ. ನೀವೇ ನೋಡಿ. ನಟ್ಟನ್ನು ಮೂರು ಸುತ್ತು ತಿರುಗಿಸಿ ಅಲ್ಲಾಡಿಸಿ. ಲೊಡಲೊಡ ಅಂದರೆ ಅಲ್ಲಿಗೇ ಬಿಡಿ. ಥ್ರೆಡ್ ಗೇಜ್ ತೋರಿಸುವುದು ಥ್ರೆಡ್ಡಿನ ಅಂತರವನ್ನಷ್ಟೇ, ಅದೊಂದನ್ನೇ ನಂಬಬೇಡಿ, ಕ್ಯಾಲಿಪರ್‌ನಲ್ಲಿ ದಪ್ಪವನ್ನೂ ಅಳೆಯಿರಿ. ಟೇಪ್ ಸುತ್ತಿ ಬಿಗಿ ಮಾಡುವ ಬುದ್ಧಿ ಬೇಡ. ಸರಿಯಾದ ನಟ್ಟು, ಅದಕ್ಕೆ ತಕ್ಕ ಫ್ಲೇರ್ (ಅಗಲಿಸಿದ ತುದಿ) ಇರುವ ಹೊಸ ಪೈಪು ಮಾಡಿಸಿ. ಆಮೇಲೆ ಇಂಜಿನ್ ಆನ್ ಇಟ್ಟು, ಶೆಡ್ಡಿನಲ್ಲೇ, ಕುರಿ ಅಡ್ಡ ಬಂದಷ್ಟು ಜೋರಾಗಿ ಹತ್ತು ಸಲ ತುಳಿಯಿರಿ. ಇನ್ನೊಬ್ಬರು ಟಾರ್ಚ್ ಹಿಡಿದು ಆ ಜಾಯಿಂಟನ್ನೇ ನೋಡುತ್ತಿರಲಿ.