ಕೇಕಿಗೆ ಐದು ಸ್ಟಾರ್, ಪ್ಯಾಕಿಂಗಿಗೆ ಒಂದು

ಮಗಳ ಹುಟ್ಟುಹಬ್ಬಕ್ಕೆ ತುಮಕೂರಿನ ಒಂದು ಅಂಗಡಿಯಲ್ಲಿ ಬಟರ್‌ಸ್ಕಾಚ್ ಐಸ್‌ಕ್ರೀಮ್ ಕೇಕ್ ತಗೊಂಡೆವು. ರುಚಿ ಬಗ್ಗೆ ಎರಡು ಮಾತಿಲ್ಲ. ಕುಣಿಗಲ್ ಮುಟ್ಟೋವರೆಗೆ ಕರಗಬಾರದು ಅಂತ ಡ್ರೈ ಐಸ್ ಕೂಡ ಕೊಟ್ಟರು. ನನ್ನ ತಕರಾರು ಇರುವುದು ಅಲ್ಲೇ. ಅದನ್ನು ತುಂಬಿದ್ದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೇಲೆ ಮೂರು ಸುತ್ತು ಟೇಪು ಬೇರೆ!

ಹೆಬ್ಬೂರು ಬರುವಷ್ಟರಲ್ಲಿ ಡಬ್ಬಿ ಪೂರಿ ಹಾಗೆ ಊದಿತ್ತು. ನೋಡನೋಡುತ್ತಲೇ ಮುಚ್ಚಳ ಡಬ್ ಅಂತ ಹಾರಿ ಕಾರಿನ ಚಾವಣಿಗೆ ಬಡಿಯಿತು. ಪುಣ್ಯ, ಮಗಳು ಮುಂದೆ ನನ್ನ ತೊಡೆ ಮೇಲಿದ್ದಳು. (ಅದೂ ತಪ್ಪೇ, ಬೈಯಬೇಡಿ.) ತಕ್ಷಣ ಎಲ್ಲ ಕಿಟಕಿ ಇಳಿಸಿದೆವು.

ಡ್ರೈ ಐಸ್ ಅಂದ್ರೆ ನೀರಿನ ಐಸಲ್ಲ, ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮೈನಸ್ 78.5 ಡಿಗ್ರಿಯಲ್ಲೇ ನೀರಾಗದೆ ನೇರ ಗ್ಯಾಸ್ ಆಗುತ್ತದೆ. ಒಂದು ಕಿಲೋಗೆ 500 ಲೀಟರಿಗೂ ಜಾಸ್ತಿ! ಹೊರಗೆ ಹೋಗಲು ಸಂದಿ ಇಲ್ಲದಿದ್ದರೆ ಡಬ್ಬಿ ಸಿಡಿಯದೆ ಇನ್ನೇನು? ಮುಚ್ಚಿದ ಕಾರಲ್ಲಿ ಅದೇ ಗ್ಯಾಸ್ ತುಂಬಿದರೆ ಉಸಿರು ಕಟ್ಟುತ್ತದೆ. ಬರಿಗೈಲಿ ಮುಟ್ಟಿದರೆ ಚರ್ಮ ಸುಟ್ಟ ಹಾಗೆ ಬೊಬ್ಬೆ.

ಫೋನ್ ಮಾಡಿದರೆ, "ಎಲ್ಲರಿಗೂ ಹಂಗೇ ಕೊಡೋದು ಮೇಡಂ" ಅಂದರು.

ಮುಂದಿನ ಸಲವೂ ಕೇಕ್ ಅಲ್ಲಿಂದಲೇ ತರುತ್ತೇನೆ. ಸಡಿಲ ಮುಚ್ಚಳದ ಥರ್ಮಕೋಲ್ ಡಬ್ಬ ಮಾತ್ರ ನಮ್ಮನೆಯದು.