ಹಳೇ ರೇಸ್ ವಿಮಾನದ ಕಂಟ್ರೋಲ್ ಲೈನ್ ಪ್ಲಾನ್ ತರಿಸುವವರೇ, ದುಡ್ಡು ಹಾಕೋ ಮುಂಚೆ ಇಷ್ಟು ನೋಡಿ

"ವಿಂಟೇಜ್ ರೇಸರ್, ಕಂಟ್ರೋಲ್ ಲೈನ್, ಫುಲ್ ಸೈಜ್ ಪ್ಲಾನ್" ಅಂತ ಹಾಕಿ ಆನ್‌ಲೈನಿನಲ್ಲಿ ಮಾರುವವರು ಈಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಒಬ್ಬರಿಂದ ನನ್ನ ಅಕ್ಕನ ಮಗ ಒಂದು ಪ್ಲಾನ್, ಅಂದರೆ ಮಾಡೆಲ್ ವಿಮಾನ ಕಟ್ಟುವ ನಕ್ಷೆ, ತರಿಸಿದ. ಬಂದದ್ದು ಕಂಟ್ರೋಲ್ ಲೈನ್ ಪ್ಲಾನೇ ಅಲ್ಲ. ರಬ್ಬರ್ ಸುತ್ತಿ ಹಾರಿಸುವ ಪುಟ್ಟ ಮಾಡೆಲ್‌ನ ಹಳೇ ಪ್ಲಾನನ್ನು ಹಿಗ್ಗಿಸಿ, ಅದರ ಮೇಲೆ ನಾಲ್ಕು ಗೆರೆ ಎಳೆದು ಕೊಟ್ಟಿದ್ದರು. ಸಾವಿರದ ಇನ್ನೂರು ರೂಪಾಯಿ ಹೋಯಿತು, ಹುಡುಗನ ಒಂದು ಇಡೀ ಮಳೆಗಾಲದ ಕೆಲಸ ಹೋಯಿತು. ಅದೂ ಇರಲಿ. ಆ ಪ್ಲಾನ್ ನಂಬಿ ಹಾರಿಸಿದ್ದರೆ ಯಾರ ತಲೆಗೆ ಬೀಳುತ್ತಿತ್ತೋ ಅನ್ನುವುದೇ ನನಗೆ ಸಿಟ್ಟು ತರಿಸುವ ವಿಷಯ.

ಕಂಟ್ರೋಲ್ ಲೈನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ರಿಮೋಟ್ ಇಲ್ಲ. ನಡುವೆ ನಿಂತವನ ಕೈಯಲ್ಲಿ ಒಂದು ಹ್ಯಾಂಡಲ್, ಅದರಿಂದ ಎರಡು ಸಪೂರ ಉಕ್ಕಿನ ತಂತಿ, ತಂತಿಯ ತುದಿಗೆ ವಿಮಾನ. ಅದು ನಿಮ್ಮ ಸುತ್ತ ವೃತ್ತ ಹಾಕುತ್ತಾ ಹಾರುತ್ತದೆ. ರೆಕ್ಕೆಯೊಳಗೆ ಬೆಲ್‌ಕ್ರ್ಯಾಂಕ್ ಅನ್ನುವ ಒಂದು ತಿರುಗುವ ತುಂಡು ಇರುತ್ತದೆ. ಕೈ ಮೇಲೆ ಮಾಡಿದರೆ ಒಂದು ತಂತಿ ಎಳೆಯುತ್ತದೆ, ಬೆಲ್‌ಕ್ರ್ಯಾಂಕ್ ತಿರುಗುತ್ತದೆ, ಪುಶ್‌ರಾಡ್ ಅನ್ನುವ ಕಡ್ಡಿ ಬಾಲದ ಎಲಿವೇಟರನ್ನು, ಅಂದರೆ ಮೂಗನ್ನು ಮೇಲೆ ಕೆಳಗೆ ಮಾಡುವ ಹಲಗೆಯನ್ನು, ಎತ್ತುತ್ತದೆ. ಅಷ್ಟೇ. ಅಮೆರಿಕದ ಜಿಮ್ ವಾಕರ್ 1940ರ ಸುಮಾರಿಗೆ ಇದನ್ನು ಜನಪ್ರಿಯ ಮಾಡಿದ. ನಮ್ಮಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಇದ್ದವರಿಗೆ ಇದು ಹೊಸದೇನಲ್ಲ, ಅವರ ಕ್ಯಾಂಪುಗಳಲ್ಲಿ ಕಂಟ್ರೋಲ್ ಲೈನ್ ಸ್ಪರ್ಧೆ ಇರುತ್ತದೆ. ನಾನು ಕಲಿತದ್ದೂ ಅಲ್ಲೇ.

ಅಕ್ಕನ ಮನೆ ಕಾರವಾರದಲ್ಲಿ. ಟಾಗೋರ್ ಬೀಚಿನಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಟುಪೊಲೆವ್ ವಿಮಾನ ಬಂದು ನಿಂತ ಮೇಲೆ ಹುಡುಗನಿಗೆ ವಿಮಾನದ ಹುಚ್ಚು ಹಿಡಿಯಿತು. ಆದರೆ ಮನಸ್ಸು ಕದ್ದದ್ದು ಟುಪೊಲೆವ್ ಅಲ್ಲ, ಜೀ ಬೀ ಅನ್ನುವ ಅಮೆರಿಕದ ಹಳೇ ರೇಸ್ ವಿಮಾನ. 1932ರಲ್ಲಿ ಜಿಮ್ಮಿ ಡೂಲಿಟಲ್ ಥಾಂಪ್ಸನ್ ಟ್ರೋಫಿ ಗೆದ್ದ ಆರ್-1. ಗ್ರ್ಯಾನ್‌ವಿಲ್ ಅಣ್ಣತಮ್ಮಂದಿರು ಕಟ್ಟಿದ ಈ ವಿಮಾನದ ಫೋಟೊ ನೋಡಿದವರು ಮರೆಯುವುದಿಲ್ಲ: ಮುಂದೆ ಪೀಪಾಯಿಯಂಥ ದಪ್ಪ ಮೈ, ಗಿಡ್ಡ ರೆಕ್ಕೆ, ಬಾಲಕ್ಕೆ ಆತುಕೊಂಡೇ ಕೂತ ಪೈಲಟ್. ರೆಕ್ಕೆ 25 ಅಡಿ, ಉದ್ದ 18 ಅಡಿಯೂ ಇಲ್ಲ. ನೋಡಲು ಚಂದ, ಹಾರಿಸಲು ಭಯಂಕರ. ಅದೇ ವಿಮಾನ ಮರುವರ್ಷ ಬೆಂಡಿಕ್ಸ್ ರೇಸಿನಲ್ಲಿ ರಸೆಲ್ ಬೋರ್ಡ್‌ಮನ್‌ನ ಪ್ರಾಣ ತೆಗೆಯಿತು. ಇಷ್ಟು ಗಿಡ್ಡ ಬಾಲದ ವಿಮಾನದ ಮಾಡೆಲ್‌ಗೆ ತೂಕದ ಲೆಕ್ಕ ಕೂದಲೆಳೆ ತಪ್ಪಿದರೂ ಕಷ್ಟ. ಪ್ಲಾನ್ ಸರಿ ಇರಲೇಬೇಕು.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: ಒಂದು ಅಡಿಗೆ ಒಂದು ಇಂಚು ಸ್ಕೇಲ್, ರೆಕ್ಕೆ 25 ಇಂಚು, 2.5 ಸಿಸಿ ಎಂಜಿನ್, "ಹಾರಿಸಿ ಪರೀಕ್ಷಿಸಿದ ಪ್ಲಾನ್". ಜೊತೆಗೆ ಕೆಂಪು ಬಿಳಿ ಬಣ್ಣದ ಮಾಡೆಲ್‌ನ ಚಂದದ ಫೋಟೊ. ಮನೆಗೆ ಪ್ರಿಂಟ್ ಕಳಿಸುತ್ತೇವೆ ಅಂದವರು ಕಳಿಸಿದ್ದು ಪಿಡಿಎಫ್. ಕೇಳಿದರೆ "ಸರ್, ಕೊರಿಯರ್ ಪ್ರಾಬ್ಲಮ್, ನೀವೇ ಪ್ರಿಂಟ್ ತೆಗೆಸಿಕೊಳ್ಳಿ". ಹುಡುಗ ಮನೆ ನಕ್ಷೆ ಪ್ರಿಂಟ್ ಮಾಡುವ ಅಂಗಡಿಗೆ ಹೋಗಿ ದೊಡ್ಡ ಹಾಳೆಯಲ್ಲಿ ತೆಗೆಸಿದ. ಬಾಲ್ಸಾ, ಅಂದರೆ ಮಾಡೆಲ್ ಕಟ್ಟುವ ಹಗುರ ಮರ, ತರಿಸಿದ. ಜೂನ್ ಮಳೆ ಹಿಡಿದ ಮೇಲೆ ಕತ್ತರಿಸಲು ಕೂತ.

ನಾನು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಹೋಗುವಷ್ಟರಲ್ಲಿ ವಿಮಾನ ಮುಕ್ಕಾಲು ಪಾಲು ಎದ್ದು ನಿಂತಿತ್ತು. ಕೆಲಸ ನೋಡಿ ಖುಷಿಯಾಯಿತು, ಹುಡುಗನ ಕೈ ಚೊಕ್ಕ. ಆದರೆ ಗೋಡೆಗೆ ಅಂಟಿಸಿದ ಪ್ಲಾನ್ ನೋಡಿದಾಗ ಏನೋ ಸರಿ ಇಲ್ಲ ಅನಿಸಿತು. ಮೈಯ ಹಿಂಭಾಗದಲ್ಲಿ, ಬಾಲಕ್ಕಿಂತ ಸ್ವಲ್ಪ ಮುಂದೆ, ಒಂದು ಪುಟ್ಟ ಸೊನ್ನೆ.

ಎಂಜಿನ್ ಇರುವ ವಿಮಾನಕ್ಕೆ ಅಲ್ಲಿ ತೂತು ಯಾಕೆ ಬೇಕು ಹೇಳಿ? ಅದು ರಬ್ಬರ್ ಸಿಕ್ಕಿಸುವ ಕಡ್ಡಿಯ ಜಾಗ. ರಬ್ಬರ್ ಮಾಡೆಲ್‌ನಲ್ಲಿ ಮುಂದೆ ಪ್ರೊಪೆಲ್ಲರ್‌ನ ಕೊಕ್ಕೆ, ಹಿಂದೆ ಈ ಕಡ್ಡಿ, ನಡುವೆ ಸುತ್ತಿದ ರಬ್ಬರ್. ಅಳಿಸಲು ಮರೆತಿದ್ದಾರೆ, ಪುಣ್ಯಾತ್ಮರು. ಆಮೇಲೆ ಒಂದೊಂದೇ ಕಾಣತೊಡಗಿತು. ಕೆಳಗಿನ ಬಲಮೂಲೆಯಲ್ಲಿ ಪ್ಲಾನ್ ಬರೆದವರ ಹೆಸರು, ವರ್ಷ ಇರಬೇಕಾದ ಚೌಕವೇ ಇಲ್ಲ. ಕತ್ತರಿಸಿ ತೆಗೆದಿದ್ದಾರೆ. ಚೌಕದ ಎಡಗೆರೆಯ ಅರ್ಧ ಮತ್ತು ಯಾವುದೋ ಅಕ್ಷರದ ಬಾಲ ಮಾತ್ರ ಉಳಿದಿತ್ತು. ಇಡೀ ಪ್ಲಾನಿನ ಗೆರೆ ಹಳೇ ಮಸಿಯ ಗೆರೆ, ಒಂದು ಕಡೆ ದಪ್ಪ ಒಂದು ಕಡೆ ತೆಳು. ಬೆಲ್‌ಕ್ರ್ಯಾಂಕ್ ಮಾತ್ರ ಕಂಪ್ಯೂಟರಿನ ನೀಟಾದ ಗೆರೆ. ಪುಶ್‌ರಾಡ್ ಮೂರು ಬಲ್ಕ್‌ಹೆಡ್‌ಗಳನ್ನು, ಅಂದರೆ ಮೈಯೊಳಗಿನ ಅಡ್ಡ ಚೌಕಟ್ಟುಗಳನ್ನು, ಸೀಳಿಕೊಂಡು ಹೋಗುತ್ತದೆ, ಆದರೆ ಆ ಬಲ್ಕ್‌ಹೆಡ್‌ಗಳ ಬಿಡಿ ಚಿತ್ರದಲ್ಲಿ ತೂತೇ ಇಲ್ಲ. ಎಂಜಿನ್ ಕೂರಿಸುವ ಗಟ್ಟಿಮರದ ಪಟ್ಟಿಗಳೂ ಇಲ್ಲ. ಇಂಧನಕ್ಕೆ, ಅಂದರೆ ಫ್ಯೂಯಲ್‌ಗೆ, ಟ್ಯಾಂಕ್ ಎಲ್ಲಿ ಅನ್ನುವುದೂ ಇಲ್ಲ. ಕಂಟ್ರೋಲ್ ಲೈನ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ. ವಿಮಾನ ಸುತ್ತುವಾಗ ಫ್ಯೂಯಲ್ ಹೊರಬದಿಗೆ ಒತ್ತಿಕೊಳ್ಳುತ್ತದೆ, ಹಾಗಾಗಿ ಅದನ್ನು ಎಳೆಯುವ ನಳಿಗೆ ಟ್ಯಾಂಕಿನ ಹೊರಬದಿಗೇ ಇರಬೇಕು. ನಿಜವಾಗಿ ಹಾರಿಸಿದವರು ಇದನ್ನು ಬರೆಯದೇ ಬಿಡುವುದಿಲ್ಲ.

ಅಳತೆಯ ಕಥೆ ಇನ್ನೊಂದು. ಮೇಲಿನ ನೋಟದಲ್ಲಿ ರೆಕ್ಕೆಯ ಬುಡ 127 ಮಿಲಿಮೀಟರ್. ಅದೇ ಬುಡದ ರಿಬ್, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ, ಬಿಡಿ ಚಿತ್ರದಲ್ಲಿ 121. ಹಳೇ ಹಾಳೆಯನ್ನು ರೋಲರ್ ಸ್ಕ್ಯಾನರ್‌ಗೆ ಹಾಕಿದಾಗ ಒಂದು ದಿಕ್ಕಿಗೆ ಎಳೆದ ಹಾಗಾಗುತ್ತದೆ, ಉದ್ದ ಒಂದು ಲೆಕ್ಕ ಅಗಲ ಒಂದು ಲೆಕ್ಕ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಕಾಗದ ತೇವ ಕುಡಿದು ಹಿಗ್ಗುವುದೂ ಉಂಟು, ಆದರೆ ಆರು ಮಿಲಿಮೀಟರ್ ಆಗುವಷ್ಟಲ್ಲ. ಹುಡುಗ ಪಾಪ, ತಾನೇ ತಪ್ಪು ಕತ್ತರಿಸಿದೆ ಅಂದುಕೊಂಡು ಎಲ್ಲಾ ರಿಬ್ ಎರಡನೇ ಸಲ ಮಾಡಿದ್ದ.

ರಬ್ಬರ್ ಪ್ಲಾನನ್ನು ಹಿಗ್ಗಿಸಿದರೆ ಆಗೋದಿಲ್ವಾ ಅಂತ ಕೇಳಬಹುದು. ಬಲ್ಲವರು ಕೂತು ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿದರೆ ಆದೀತು. ಸುಮ್ನೆ ಝೆರಾಕ್ಸ್ ಹಿಗ್ಗಿಸಿದರೆ ಆಗುವುದಿಲ್ಲ. ಉದ್ದ, ಅಗಲ, ದಪ್ಪ ಮೂರನ್ನೂ ಎರಡರಷ್ಟು ಮಾಡಿದರೆ ಮರದ ತೂಕ ಎಂಟರಷ್ಟಾಗುತ್ತದೆ. ಬಾಲ ಭಾರವಾಗುತ್ತದೆ. ಅದರ ಮೇಲೆ, ತಾನಾಗಿ ತೇಲುವ ಮಾಡೆಲ್‌ಗೆ ತೂಕದ ನಡುಬಿಂದು, ಅಂದರೆ ಸಿಜಿ, ಹಿಂದೆ ಇದ್ದರೂ ನಡೆಯುತ್ತದೆ. ಕಂಟ್ರೋಲ್ ಲೈನ್‌ಗೆ ಅದು ಮುಂದೆಯೇ ಇರಬೇಕು, ತಂತಿಗಳು ರೆಕ್ಕೆಯ ತುದಿಯಿಂದ ಹೊರಬರುವ ಜಾಗಕ್ಕಿಂತ ಮುಂದೆ. ಹಿಂದೆ ಹೋದರೆ ಮೂಗು ಒಳಗೆ ತಿರುಗುತ್ತದೆ, ತಂತಿ ಸಡಿಲಾಗುತ್ತದೆ. ತಂತಿ ಸಡಿಲಾಯಿತು ಅಂದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ, ವಿಮಾನ ನೇರ ನಿಮ್ಮ ಕಡೆಗೇ ಬರುತ್ತದೆ. ಈ ಪ್ಲಾನಿನಲ್ಲಿ ಸಿಜಿ ಗುರುತು ಹಳೇ ರಬ್ಬರ್ ಪ್ಲಾನಿನ ಜಾಗದಲ್ಲೇ ಇತ್ತು. ಬೆಲ್‌ಕ್ರ್ಯಾಂಕೂ ತಂತಿಗಳೂ ಅದಕ್ಕಿಂತ ಮುಂದೆ.

ಹುಡುಗನಿಗೆ ನಂಬಿಕೆ ಬರಲಿಲ್ಲ. "ಮಾವ, ಹಾರಿಸಿ ನೋಡಿದ್ದು ಅಂತ ಬರದ್ದಲ" ಅಂದ. ಸರಿ, ಎಂಜಿನ್ ಹಚ್ಚುವ ಮುಂಚೆ ಎಳೆದು ನೋಡೋಣ ಅಂದೆ. ಲೆಕ್ಕ ಹೀಗೆ: ವಿಮಾನ 600 ಗ್ರಾಂ, ತಂತಿ 16 ಮೀಟರ್, ವೇಗ ಗಂಟೆಗೆ 80 ಕಿಲೋಮೀಟರ್ ಅಂದುಕೊಳ್ಳಿ. ಒಂದು ಸುತ್ತಿಗೆ ನಾಲ್ಕೂವರೆ ಸೆಕೆಂಡ್. ತಂತಿಯ ಮೇಲೆ ಬೀಳುವ ಎಳೆತ ಹೆಚ್ಚುಕಮ್ಮಿ ಎರಡು ಕೆಜಿ. ಗಾಳಿ ಬೀಸಿದರೆ, ಜರ್ಕ್ ಹೊಡೆದರೆ ಇನ್ನೂ ಜಾಸ್ತಿ. ಅದಕ್ಕೇ ಹಾರಿಸುವ ಮುಂಚೆ ವಿಮಾನದ ತೂಕದ ಹತ್ತರಷ್ಟು, ಇಲ್ಲಿ ಆರು ಕೆಜಿ, ಎಳೆದು ನೋಡುವ ರೂಢಿ ಇದೆ. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿಯನ್ನು ಹ್ಯಾಂಡಲಿಗೆ ಸಿಕ್ಕಿಸಿದೆವು. ಅಕ್ಕ ವಿಮಾನ ಹಿಡಿದಳು, ನಾನು ಮೆಲ್ಲಗೆ ಎಳೆದೆ. ತಕ್ಕಡಿ ನಾಲ್ಕು ತೋರಿಸುವ ಮುಂಚೆಯೇ ರೆಕ್ಕೆಯೊಳಗೆ ಚಟ್ ಅಂದಿತು. ತಂತಿ ಸಡಿಲು.

"ಮಾವ, ಕಿತ್ಕಂಡೇ ಹೋತು!"

ರೆಕ್ಕೆಯ ಹೊದಿಕೆ ಕೊಯ್ದು ನೋಡಿದರೆ, ಬೆಲ್‌ಕ್ರ್ಯಾಂಕಿನ ಬೋಲ್ಟ್ ಪ್ಲಾನಿನಲ್ಲಿ ತೋರಿಸಿದ ಹಾಗೇ ಎರಡು ರಿಬ್‌ಗಳ ನಡುವಿನ ತೆಳು ಬಾಲ್ಸಾ ಹಾಳೆಗೆ ಕೂತಿತ್ತು. ಬಾಲ್ಸಾ ಹರಿದುಕೊಂಡು ಬೋಲ್ಟ್ ಸಮೇತ ಬಂದಿತ್ತು. ಅಲ್ಲಿ ಇರಬೇಕಾದದ್ದು ಪ್ಲೈವುಡ್ ತಟ್ಟೆ, ಅದು ರೆಕ್ಕೆಯ ಉದ್ದಕ್ಕೂ ಓಡುವ ಪಟ್ಟಿಗೆ, ಅಂದರೆ ಸ್ಪಾರ್‌ಗೆ ಅಂಟಿಕೊಂಡು ರೆಕ್ಕೆಯ ನಡುವನ್ನೇ ಹಿಡಿದಿರಬೇಕು. ಇಡೀ ವಿಮಾನ ನೇತಾಡುವುದೇ ಆ ಒಂದು ಬೋಲ್ಟಿನ ಮೇಲೆ. ಇದೇ ಚಟ್ ಮೈದಾನದಲ್ಲಿ ಆಗಿದ್ದರೆ, ಓಡುವ ಎಂಜಿನ್ ಸಮೇತ ವಿಮಾನ ಹೊರಗೆ ನಿಂತು ನೋಡುವ ಮಕ್ಕಳ ನಡುವೆ ಹೋಗುತ್ತಿತ್ತು.

ಮಾರಿದವರಿಗೆ ಫೋಟೊ ಸಮೇತ ಬರೆದೆವು. ಮೊದಲ ಉತ್ತರ: "ಎಕ್ಸ್‌ಪೀರಿಯನ್ಸ್ ಇದ್ದವರಿಗೆ ಇದೆಲ್ಲ ಗೊತ್ತಿರುತ್ತೆ ಸರ್". ದುಡ್ಡು ವಾಪಸ್ ಕೇಳಿದ ಮೇಲೆ ಉತ್ತರವೇ ಇಲ್ಲ. ಕೊನೆಗೆ ಹುಡುಗನೇ ಹುಡುಕಿ ತೆಗೆದ: ಮೂಲ ರಬ್ಬರ್ ಪ್ಲಾನ್, ಬರೆದವರ ಹೆಸರಿನ ಚೌಕದ ಸಮೇತ, ಪುಕ್ಕಟೆ ಸಿಗುತ್ತದೆ.

ಹಾಗಾದರೆ ಪ್ಲಾನ್ ಎಲ್ಲಿ ಹುಡುಕೋದು? ಮೊದಲು ಔಟರ್‌ಝೋನ್ ವೆಬ್‌ಸೈಟ್ ನೋಡಿ. ಹಳೇ ಮಾಡೆಲ್ ಪ್ಲಾನ್‌ಗಳ ದೊಡ್ಡ ಸಂಗ್ರಹ, ಡೌನ್‌ಲೋಡ್‌ಗೆ ದುಡ್ಡಿಲ್ಲ, ಕಂಟ್ರೋಲ್ ಲೈನ್ ಪ್ಲಾನ್‌ಗಳು ಬೇಕಾದಷ್ಟಿವೆ. ಯಾವ ಪತ್ರಿಕೆಯಲ್ಲಿ ಬಂದದ್ದು, ಯಾರು ಬರೆದದ್ದು ಅಂತಲೂ ಹಾಕಿರುತ್ತಾರೆ. ದುಡ್ಡು ಕೊಟ್ಟೇ ಕೊಳ್ಳುವುದಾದರೆ ಮಾರುವವರ ಹತ್ತಿರ ಮುಂಚೆಯೇ ಮೂರು ಫೋಟೊ ಕೇಳಿ: ಹೆಸರಿನ ಚೌಕ, ಬೆಲ್‌ಕ್ರ್ಯಾಂಕ್ ಕೂರಿಸುವ ಜಾಗ, ಸಿಜಿ ಗುರುತು. ಕೊಡಲು ಅನುಮಾನಿಸಿದರೆ ಅಲ್ಲಿಗೆ ಬಿಡಿ. ಹೊರಬದಿ ರೆಕ್ಕೆಯ ತುದಿಗೆ ಭಾರ ಹಾಕುವ ಗುರುತು ಇದೆಯಾ ನೋಡಿ, ಒಳಬದಿಗೆ ತಂತಿಯ ತೂಕ ಇರುತ್ತಲ್ಲ, ಅದಕ್ಕೆ ಸರಿತೂಗಲು ಅದು ಬೇಕು. ಪ್ರಿಂಟ್ ಅಂಗಡಿಯಲ್ಲಿ "ಫಿಟ್ ಟು ಪೇಜ್" ತೆಗೆಸಿ, "ಆಕ್ಚುವಲ್ ಸೈಜ್" ಹಾಕಿಸಿ. ಸ್ಕೇಲ್ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಅಳೆದ ಮೇಲೇ ದುಡ್ಡು ಕೊಡಿ.

ಮೊದಲ ರೇಸರ್‌ಗೆ ಜೀ ಬೀ ಬೇಡ ಅನ್ನುವುದು ನನ್ನ ಅಭಿಪ್ರಾಯ, ಹುಡುಗನಿಗೆ ಇನ್ನೂ ಒಪ್ಪಿಗೆ ಇಲ್ಲ. 1947ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಶುರುವಾದ ಗುಡ್‌ಇಯರ್ ಟ್ರೋಫಿಯ ಪುಟ್ಟ ರೇಸರ್‌ಗಳನ್ನು ನೋಡಿ. ಎಂಜಿನ್ 190 ಘನ ಇಂಚು ಮೀರುವಂತಿಲ್ಲ, ರೆಕ್ಕೆ 66 ಚದರ ಅಡಿಗಿಂತ ಕಡಿಮೆ ಇರುವಂತಿಲ್ಲ ಅಂತ ನಿಯಮ. ಕಾಸ್ಮಿಕ್ ವಿಂಡ್, ಶೂಸ್ಟ್ರಿಂಗ್ ಇವೆಲ್ಲ ಆ ಸಾಲಿನವು. ಕಂಟ್ರೋಲ್ ಲೈನ್‌ನವರು ಇವನ್ನು ಎಂಟನೇ ಒಂದು ಅಳತೆಯಲ್ಲಿ ಕಟ್ಟಿ ರೇಸ್ ಓಡಿಸುವ ಒಂದು ವರ್ಗವೇ ಇದೆ. ಹಾಗಾಗಿ ಹಾರಿಸುವವರೇ ಹಾರಿಸಲು ಬರೆದ ಪ್ಲಾನ್ ಸಿಗುತ್ತದೆ. ಮೈ ಬರೀ ಒಂದು ಹಲಗೆ, ಬಲ್ಕ್‌ಹೆಡ್ ತಲೆನೋವಿಲ್ಲ. ರೆಕ್ಕೆ 28 ಇಂಚಿನ ಆಸುಪಾಸು.

ಹಾರಿಸುವ ಜಾಗದ ಬಗ್ಗೆಯೂ ಒಂದು ಮಾತು. ಕರೆಂಟ್ ತಂತಿ ಇರುವ ಕಡೆ ಬೇಡವೇ ಬೇಡ, ನಿಮ್ಮ ಕೈಯಲ್ಲಿರುವುದು ಉಕ್ಕಿನ ತಂತಿ. ಕಾರವಾರದಲ್ಲಿ ನೌಕಾನೆಲೆ ಇದೆ, ದೂರದಿಂದ ನೋಡಿದವರಿಗೆ ಡ್ರೋನ್ ಥರಾನೇ ಕಾಣುತ್ತದೆ, ಪೊಲೀಸರಿಗೆ ಮುಂಚೆಯೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಬೀಚಿನಲ್ಲಿ ಹಾರಿಸಬೇಡಿ, ಒಂದು ಸಲ ಮರಳು ಹೊಕ್ಕರೆ ಎಂಜಿನ್ ಮುಗಿಯಿತು.

ಆ ಮಾರಾಟದ ಪುಟ ಈಗಲೂ ಇದೆ. ಈ ವಾರ ಹೊಸದೊಂದು ಹಾಕಿದ್ದಾರೆ: 1934ರಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ರೇಸ್ ಗೆದ್ದ ಡಿ ಹ್ಯಾವಿಲ್ಯಾಂಡ್ ಕಾಮೆಟ್, ಎರಡು ಎಂಜಿನ್, ಕಂಟ್ರೋಲ್ ಲೈನ್, ಎರಡು ಸಾವಿರ ರೂಪಾಯಿ. ಫೋಟೊ ದೊಡ್ಡದು ಮಾಡಿ ನೋಡಿ. ರೆಕ್ಕೆಯ ತುದಿಯಲ್ಲಿ ತಂತಿ ಹೊರಬರಲು ತೂತೇ ಇಲ್ಲ.